ಈ ಶನಿವಾರ ಮುಕ್ತಾಳ ಮನೆಯಲ್ಲಿ

"ಏ ಬಾಯೀ! ಅಂಧೀ ಹೈ ಕ್ಯಾ? ವೋ ಲಿಫ್ಟ್ ತೇರೇ ಲಿಯೇ ನಹೀ ಹೈ!"

ವಾಚ್‌ಮನ್ ಕೂಗಿದಾಗ ಮುಕ್ತಾಳ ಒಂದು ಕಾಲು ಆಗಲೇ ಲಿಫ್ಟಿನೊಳಗಿತ್ತು. ಒಳಗೆ ಜಯಶೀಲ ಅಮ್ಮನ್ನ ಸಾಹೇಬರು ನಿಂತಿದ್ದರು. ಅವಳ ಹಸಿರು ಸೀರೆಯನ್ನೂ ಕಂಕುಳಲ್ಲಿದ್ದ ಬೈಬಲನ್ನೂ ನೋಡಿ ಅವರ ಮುಖ ಒಂದು ಕ್ಷಣ ಅರಳಿತು. ಆಮೇಲೆ ಅವರಿಗೆ ತಾವು ಎಲ್ಲಿದ್ದೇವೆಂಬುದು ನೆನಪಾಯಿತು.

"ಹಿಂದಿನ ಲಿಫ್ಟಲ್ಲಿ ಬಾ ಮುಕ್ತಾ. ಸೊಸೈಟಿ ರೂಲ್ಸ್ ಅಲ್ವಾ, ನಾನೇ ಮುರಿದ್ರೆ ಹೇಗೆ?" ಎಂದು ಗುಂಡಿ ಒತ್ತಿದರು. ಮುಕ್ತಾ ಕಾಲು ಹಿಂದಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಬಾಗಿಲು ಅವಳ ಚಪ್ಪಲಿಯ ತುದಿಯನ್ನು ಕಚ್ಚಿ ಬಿಟ್ಟಿತು.

ಮುಂಬಯಿ ಹತ್ತಿರದ ಕಲ್ಯಾಣ ಪಶ್ಚಿಮದ ಆ ಇಪ್ಪತ್ತೆರಡು ಮಾಳಿಗೆಯ ಕಟ್ಟಡದ ಮೆಟ್ಟಿಲುಗಳನ್ನು ಆರು ವರ್ಷದಿಂದ ಗುಡಿಸಿ ಒರೆಸುತ್ತಿದ್ದವಳು ಮುಕ್ತಾ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಅವಳು ಕಂಟ್ರಾಕ್ಟರನ ಹೌಸ್‌ಕೀಪಿಂಗ್ ಬಾಯಿ. ಭಾನುವಾರ ಕನ್ನಡ ಕ್ರೈಸ್ತ ಸಭೆಯ ಸಹೋದರಿ. ಅಮ್ಮನ್ನ ಸಾಹೇಬರು ಕಟ್ಟಡದ ಸೊಸೈಟಿಗೆ ಚೇರ್ಮನ್, ಸಭೆಗೆ ಸೆಕ್ರೆಟರಿ. ಅವತ್ತು ಶನಿವಾರ ಸಂಜೆಯ ಮನೆ ಪ್ರಾರ್ಥನೆ ಅವರ ಮನೆಯಲ್ಲಿತ್ತು. ಮುಕ್ತಾ ಕೆಲಸ ಮುಗಿಸಿ, ವಿಠ್ಠಲವಾಡಿಗೆ ಹೋಗಿ ಮಿಂದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಮತ್ತೆ ಲೋಕಲ್ ಹಿಡಿದು ಬಂದಿದ್ದಳು.

ಹಿಂದಿನ ಲಿಫ್ಟಿನಲ್ಲಿ ಇಬ್ಬರು ಹಮಾಲರು ವಾಶಿಂಗ್ ಮಷೀನು ಹಿಡಿದು ನಿಂತಿದ್ದರು. ಮೂಲೆಯಲ್ಲಿ ಎರಡು ಕಸದ ಡ್ರಮ್ಮು. ಅವುಗಳನ್ನು ಬೆಳಿಗ್ಗೆ ತುಂಬಿದವಳು ಅವಳೇ. ಸೆರಗು ಮೂಗಿಗೆ ಹಿಡಿಯಲು ಹೋದವಳು ತನ್ನಷ್ಟಕ್ಕೆ ತಾನೇ ನಕ್ಕುಬಿಟ್ಟಳು.

ಹದಿನಾಲ್ಕನೇ ಮಾಳಿಗೆಯಲ್ಲಿ ಸಾಹೇಬರ ಹೆಂಡತಿ ಮೋಹಿನಿ ಬಾಗಿಲಲ್ಲೇ ಅವಳ ಕೈ ಹಿಡಿದು ಒಳಗೆ ಕರೆದರು. ಹಾಲಿನಲ್ಲಿ ಇಪ್ಪತ್ತು ಜನ ಸೋಫಾದ ಮೇಲೆ, ಕುರ್ಚಿಯ ಮೇಲೆ ಕೂತಿದ್ದರು. ಎರಡು ಕುರ್ಚಿ ಖಾಲಿ ಇದ್ದವು.

"ನೀನು ಅಲ್ಲಿ ಅಡುಗೆಕೋಣೆ ಬಾಗಿಲ ಹತ್ರ ಕೂತ್ಕೋ ಆಯ್ತಾ ಮುಕ್ತಾ? ಆಮೇಲೆ ಚಾ ಕಪ್ಪು ಒಟ್ಟು ಮಾಡ್ಲಿಕ್ಕೆ ನಿನಗೇ ಸುಲಭ ಆಗ್ತದೆ," ಎಂದರು ಮೋಹಿನಿ. ಅವರ ದನಿಯಲ್ಲಿ ನಿಜವಾದ ಅಕ್ಕರೆ ಇತ್ತು.

ಪಾಸ್ಟರ್ ಸುಪ್ರೀತ್ ಬೈಬಲಿನ ವಾಕ್ಯ ಓದುವಾಗ ಒಳಗೆ ಮಿಕ್ಸರ್ ತಿರುಗುತ್ತಿತ್ತು. ಮೈಸೂರಿನ ಈ ಹುಡುಗ ಪಾಸ್ಟರು ಸಭೆಗೆ ಬಂದು ಎಂಟು ತಿಂಗಳಾಗಿತ್ತಷ್ಟೆ. ಯಾರ ಮನಸ್ಸನ್ನೂ ನೋಯಿಸಬಾರದೆಂದು ಪ್ರತಿ ಮಾತಿಗೂ ಮುಗುಳ್ನಗುತ್ತಿದ್ದರು. ಚಹಾ ಆಗಿ ಕೀರ್ತನೆ ಬಂದಾಗ ಮುಕ್ತಾ ಅಡುಗೆಕೋಣೆಯಲ್ಲಿ ಕಪ್ಪು ತೊಳೆಯುತ್ತಲೇ ದನಿ ಎತ್ತಿದಳು. ಚಿತ್ತಾಪುರದ ಕಡೆಯ ಹೊಲಗಳಲ್ಲಿ ಬೆಳೆದ ದನಿ ಅದು, ಗೋಡೆಗೆ ನಿಲ್ಲುವಂಥದ್ದಲ್ಲ. ಎರಡನೇ ಚರಣದ ಹೊತ್ತಿಗೆ ಹಾಲಿನಲ್ಲಿದ್ದವರೆಲ್ಲ ಸಾಹೇಬರ ರಾಗ ಬಿಟ್ಟು ಅಡುಗೆಕೋಣೆಯ ರಾಗ ಹಿಡಿದಿದ್ದರು.

ಕೊನೆಗೆ ಸಾಹೇಬರು ಮುಂದಿನ ವಾರಗಳ ಪಟ್ಟಿ ಓದಿದರು. ಅದೇ ಎಂಟು ಮನೆಗಳು. ಮುಕ್ತಾ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

"ಸಾಹೇಬ್ರ, ಒಂದ್ ವಾರ ನಮ್ಮ ಮನ್ಯಾಗೂ ಇಡ್ರೆಲಾ."

"ನಿನ್ನ ಮನೆಯಲ್ಲಿ ಎಲ್ಲಿ ಕೂರುದು ಮಾರಾಯ್ತಿ? ಗಾಡಿ ಎಲ್ಲಿ ನಿಲ್ಸುದು?" ಸಾಹೇಬರು ನಕ್ಕರು. ಉಳಿದವರೂ ನಕ್ಕರು. ಪಾಸ್ಟರ್ ಮೊಬೈಲು ನೋಡಿಕೊಂಡರು.

ಮರುದಿನ ಸಭೆಯಲ್ಲಿ ಸಾಕ್ಷಿ ಹೇಳುವ ಹೊತ್ತು. ದೇವರು ಆ ವಾರ ತಮಗೆ ಮಾಡಿದ ಉಪಕಾರವನ್ನು ಯಾರಾದರೂ ಎದ್ದು ಹೇಳಬಹುದು, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಒಬ್ಬರು ಮಗನ ವೀಸಾದ ಬಗ್ಗೆ ಹೇಳಿ ಕೂತರು. ಹಿಂದಿನ ಬೆಂಚಿನಿಂದ ಮುಕ್ತಾ ಎದ್ದಳು. ಪಕ್ಕದಲ್ಲಿದ್ದ ಮಗಳು ರಮಿತಾ ಸೆರಗು ಹಿಡಿದು ಜಗ್ಗಿದಳು.

"ಮಮ್ಮೀ, ಬೈಠ್ ನಾ!"

"ಯೇಸಪ್ಪಗ ಸ್ತೋತ್ರ," ಎಂದು ಮುಕ್ತಾ ಶುರು ಮಾಡಿದಳು. "ನಿನ್ನಿ ನಾ ಸಾಹೇಬ್ರ ಮನಿಗಿ ಪ್ರಾರ್ಥನಾಕ್ಕ ಹೋಗಿದ್ದೆ. ಮುಂದಿನ ಲಿಫ್ಟಿನಾಗ ಸಾಹೇಬ್ರು ಹೋದ್ರು. ಹಿಂದಿನದ್ರಾಗ ನಾ, ಒಂದ್ ವಾಶಿಂಗ್ ಮಷೀನು, ಎರಡ್ ಕಚರಾ ಡಬ್ಬಿ. ಆ ಡಬ್ಬಿ ನಾನೇ ತುಂಬಿದ್ದು, ಅವಕ್ಕೂ ನನಗೂ ಗುರುತದ. ಹೆಂಗಿದ್ದೀ ಅಂದೆ, ಆರಾಮಿದ್ದೀನಿ ಅಂದ್ವು."

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಅಲ್ಲಿ ಕೂರುವವರು ಬೀದರ, ಕಲಬುರಗಿ ಕಡೆಯ ಗಟಾರದ ಕೆಲಸದವರು, ಆಸ್ಪತ್ರೆಯ ಆಯಾಗಳು, ವಾಚ್‌ಮನ್‌ಗಳು. ಮುಂದಿನ ಬೆಂಚುಗಳಲ್ಲೂ ಒಂದಿಬ್ಬರು ನಕ್ಕು ಆಮೇಲೆ ಗಪ್ಪಾದರು.

"ಮ್ಯಾಲ ಹೋದ್ರ ಅಡಗಿಮನಿ ಬಾಗಲ್ದಾಗ ಕೂಡ್ಸಿದ್ರು. ವಾಕ್ಯ ಕೇಳಸ್ಲಿಲ್ಲ, ಮಿಕ್ಸರ್ ಕೇಳಸ್ತು. ಆದ್ರೂ ದೇವ್ರ ಉಪಕಾರ ಅದ, ಕಪ್ಪ ಒಂದೂ ಒಡಿಲಿಲ್ಲ. ಅದಕ್ಕ ಈ ಶನಿವಾರ ನನ್ನ ಮನ್ಯಾಗ ಪ್ರಾರ್ಥನಾ ಇಟ್ಟೀನಿ. ಅಲ್ಲಿ ಲಿಫ್ಟ್ ಇಲ್ಲ. ಬಾಗಲಾ ಒಂದೇ, ಮುಂದಿಂದೂ ಅದೇ, ಹಿಂದಿಂದೂ ಅದೇ. ಎಲ್ಲಾರೂ ಬರ್ರಿ. ಎಲ್ಲಾರೂ ಅಂದ್ರ ಎಲ್ಲಾರೂ."

ಕೂತಳು. ರಮಿತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಮುಂದಿನ ಸಾಲಿನಲ್ಲಿ ಮೋಹಿನಿ ಕೀರ್ತನೆಯ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಕೂತಿದ್ದರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸೊಸೈಟಿ ಆಫೀಸಿಗೆ ಬಾ ಎಂದು ಮುಕ್ತಾಳಿಗೆ ಕರೆ ಬಂತು. ಸಾಹೇಬರು ಮೇಜಿನ ಹಿಂದೆ ಕೂತಿದ್ದರು. ಮುಕ್ತಾ ಕೈಯಲ್ಲಿ ಒದ್ದೆ ಮಾಪು ಹಿಡಿದೇ ನಿಂತಳು.

"ಸಾಕ್ಷಿ ಅಂದ್ರೆ ದೇವರ ಸಂಗತಿ ಹೇಳುದು. ಲಿಫ್ಟಿನ ಸಂಗತಿ ಅಲ್ಲ. ನನ್ನ ಮರ್ಯಾದೆ ತೆಗ್ದೆಯಲ್ಲ ನೀನು!"

"ನಾ ಸುಳ್ಳ ಹೇಳೀನೇನ್ರಿ ಸಾಹೇಬ್ರ?"

"ಎದುರುತ್ತರ ಬೇಡ. ಶನಿವಾರದ್ದು ಕ್ಯಾನ್ಸಲ್ ಅಂತ ನೀನೇ ಎಲ್ಲರಿಗೂ ಹೇಳು. ಇಲ್ಲದಿದ್ರೆ ಬರುವ ಸೋಮವಾರದಿಂದ ಬೇರೆ ಹೆಂಗಸು ಬರ್ತಾಳೆ. ಕಂಟ್ರಾಕ್ಟರಿಗೆ ನನ್ನ ಒಂದು ಫೋನ್ ಸಾಕು."

ಮಾಪಿನಿಂದ ನೀರು ತೊಟ್ಟಿಕ್ಕಿ ಆಫೀಸಿನ ನೆಲದಲ್ಲಿ ಮಡುಗಟ್ಟುತ್ತಿತ್ತು. ಮುಕ್ತಾ ಅದನ್ನು ನೋಡಿದಳು. ಒರೆಸಲಿಲ್ಲ.

"ಬಾ ಅಂದವ್ರಿಗಿ ಬರಬ್ಯಾಡ್ರಿ ಅಂತ ಹೆಂಗ ಹೇಳ್ಲಿ? ನಮ್ಮಲ್ಲಿ ಹಂಗ ಪದ್ಧತಿ ಇಲ್ರಿ. ನೀವೂ ಬರ್ರಿ. ಚುರುಮುರಿ ಸುಸಲಾ ಮಾಡ್ತೀನಿ," ಎಂದು ಹೊರಟಳು.

ಎರಡನೇ ಮಾಳಿಗೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಮೂರನೆಯದನ್ನು ಒರೆಸಿದಳು.

ಗಂಡ ಗುರುನಾಥ ಗಟಾರದ ಹೂಳೆತ್ತುವವನು. ಸಂಜೆ ವಿಷಯ ಕೇಳಿ ಬಕೆಟ್ಟನ್ನು ಕಾಲಿಂದ ಒದ್ದ.

"ಅವನ ಹೆಣಾ ಎತ್ಲಿ! ಬಾಡ್ಯಾನ ಮಗ! ಕೆಲ್ಸ ಹೋದ್ರ ಹೋಗ್ಲಿ, ಇನ್ನೊಂದ್ ಬಿಲ್ಡಿಂಗ್ ಇಲ್ಲೇನ್ ಈ ಕಲ್ಯಾಣದಾಗ?"

"ಏ, ಸಭಾದ ಸೆಕ್ರೆಟರಿಗಿ ಹಂಗ ಅನಬ್ಯಾಡೋ," ಎಂದಳು ಮುಕ್ತಾ. "ಶನಿವಾರ ತನ ಬಾಯಿ ಸ್ವಚ್ಛ ಇಟ್ಕೊ."

"ಕೋಯಿ ನಹೀ ಆಯೇಗಾ, ಮಮ್ಮೀ," ಎಂದಳು ರಮಿತಾ. ಯಾರೂ ಬರುವುದಿಲ್ಲವೆಂದವಳೇ ಶುಕ್ರವಾರ ಕಾಲೇಜಿನಿಂದ ಬಂದು ಹಳೆಯ ಕ್ಯಾಲೆಂಡರುಗಳನ್ನು ಕಿತ್ತು ಗೋಡೆ ಒರೆಸಿದಳು.

ಅವರ ಮನೆ ವಿಠ್ಠಲವಾಡಿ ಸ್ಟೇಷನ್ನಿನ ಆಚೆ, ಕೊಳಚೆ ನಾಲೆಗೂ ರೈಲು ಹಳಿಗೂ ನಡುವೆ. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದೇ ಕೋಣೆ. ಶನಿವಾರ ಮಧ್ಯಾಹ್ನ ಮಂಚವನ್ನು ಎಬ್ಬಿಸಿ ಹೊರಗೆ ಗೋಡೆಗೆ ಒರಗಿಸಿದರು. ಪಕ್ಕದ ಮನೆಯ ಮರಾಠಿ ಹೆಂಗಸು ತೃಪ್ತಿ ಎರಡು ಚಾಪೆ ಕೊಟ್ಟಳು. ಎದುರು ಮನೆಯ ದರ್ಜಿ ತನ್ನ ಹೊಲಿಗೆ ಮಷೀನನ್ನು ಒಳಗೆಳೆದು ಕಟ್ಟೆ ಬಿಟ್ಟುಕೊಟ್ಟ. ಮುಕ್ತಾ ಡ್ಯೂಟಿ ಮುಗಿಸಿ ಬಂದು ಸುಸಲಾಕ್ಕೆ ಚುರುಮುರಿ ನೆನೆಹಾಕಿ ಒಗ್ಗರಣೆ ಕೊಟ್ಟಳು.

ಐದು ಗಂಟೆಯಾಯಿತು. ಯಾರೂ ಇಲ್ಲ. ಐದೂ ಕಾಲು. ಗುರುನಾಥ ಗಲ್ಲಿಯ ತುದಿಗೆ ಹೋಗಿ ನೋಡಿ ಬಂದ. ಮುಕ್ತಾ ಚಾಪೆಯ ಮೂಲೆಯನ್ನು ಮೂರನೇ ಸಲ ನೆಟ್ಟಗೆ ಮಾಡಿದಳು.

"ಎಂತ ಮಾರಾಯ್ತಿ, ಈ ಗಲ್ಲಿಯಲ್ಲಿ ಒಂದು ಬೋರ್ಡು ಬೇಡ್ವಾ?" ಎನ್ನುತ್ತ ಮೊದಲು ಬಂದವಳು ಬಾಗಿ ಎಂಬ ಮುದುಕಿ. ಅರವತ್ತು ದಾಟಿದವಳು, ಶಹಾಡಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದವಳು. ತುಳುನಾಡಿನ ತನ್ನ ಊರಲ್ಲಿ ದೊಡ್ಡವರ ಅಂಗಳದಾಚೆ ನಿಂತು ಉಂಡು ಬೆಳೆದವಳು. "ಇಪ್ಪತ್ತು ವರ್ಷ ಆಯ್ತು ಈ ಸಭೆಗೆ ಬಂದು. ಆ ಬೇವರ್ಸಿ ಪಟ್ಟಿಯಲ್ಲಿ ನಮ್ಮಂಥವರ ಹೆಸರು ಬಂದದ್ದು ನಾನು ನೋಡ್ಲೇ ಇಲ್ಲ. ಎಲ್ಲಿ ಕೂರ್ಲಿ?"

"ನಡೂ ಕೂಡು ಆಯೀ. ನಟ್ಟ ನಡೂ."

ಅವಳ ಹಿಂದೆಯೇ ಬಂದರು. ಹಿಂದಿನ ಬೆಂಚು ಇಡಿಯಾಗಿ ಎದ್ದು ಬಂದಿತ್ತು: ಡ್ಯೂಟಿ ಮುಗಿಸಿ ಹಾಗೇ ಬಂದ ವಾಚ್‌ಮನ್‌ಗಳು, ಸೋಪಿನಲ್ಲಿ ಎಷ್ಟು ಉಜ್ಜಿದರೂ ಹೋಗದ ವಾಸನೆಗೆ ಅಂಜಿ ಸಭೆಯಲ್ಲಿ ಗೋಡೆಗಂಟಿ ಕೂರುತ್ತಿದ್ದ ಗಟಾರದವರು. ಇಲ್ಲಿ ನಾಲೆಯ ವಾಸನೆಯೇ ಹೆಚ್ಚಿತ್ತು, ಯಾರೂ ಯಾರಿಗೂ ಅಂಜಲಿಲ್ಲ. ಕೋಣೆ ತುಂಬಿತು, ಹೊಸ್ತಿಲು ತುಂಬಿತು, ದರ್ಜಿಯ ಕಟ್ಟೆಯೂ ತುಂಬಿತು. ಮುಂದಿನ ಬೆಂಚಿನ ಎರಡು ಕುಟುಂಬಗಳು ಮೂಗಿನ ಹತ್ತಿರ ಕರ್ಚೀಫು ಇಟ್ಟುಕೊಂಡು ಬಂದವು. ಕೂರಲು ಎರಡೂ ಕೈ ಬೇಕಾದಾಗ ಕರ್ಚೀಫು ಜೇಬಿಗೆ ಹೋಯಿತು. ಪಾಸ್ಟರ್ ಸುಪ್ರೀತ್ ಬೆವರಿನಲ್ಲಿ ತೊಯ್ದು ಬಂದರು.

"ಸಾರಿ ಅಮ್ಮಾ, ಸೆಕ್ರೆಟರಿಯವರು ಬೇಡ ಅಂದ್ರು. ನಾನೂ ಬರೋದು ಬೇಡ ಅಂದ್ಕೊಂಡಿದ್ದೆ," ಎಂದರು. ಅವತ್ತು ಮುಗುಳ್ನಗೆ ಇರಲಿಲ್ಲ.

"ಬಂದ್ರೆಲಾ, ಸಾಕು. ಚಪ್ಪಲ್ ಕೈಯಾಗ ಹಿಡ್ಕೊಂಡ್ ಕೂಡ್ರಿ. ಇಲ್ಲಿ ನಾಯಿ ಒಯ್ತಾವ."

ಕೊನೆಗೆ ಬಂದವರು ಮೋಹಿನಿ. ಒಬ್ಬರೇ. ಸೀರೆಯನ್ನು ಕಣಕಾಲ ಮೇಲಕ್ಕೆ ಎತ್ತಿ ಹಿಡಿದು, ಗಲ್ಲಿಯ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ.

"ಅವರಿಗೆ ಬೆನ್ನು ನೋವಂತೆ," ಎಂದರು ಯಾರೂ ಕೇಳದಿದ್ದರೂ. "ಶನಿವಾರ ಸಂಜೆ ನಾನೊಬ್ಬಳೇ ಕೂತು ಎಂತ ಮಾಡುದು?"

ಬಾಗಿಯೇ ಸರಿದು ತನ್ನ ಪಕ್ಕ ಒಂದು ಗೇಣು ಜಾಗ ಮಾಡಿದಳು. ಆ ಒಂದು ಗೇಣಿನಲ್ಲಿ ಮೋಹಿನಿ ಹೇಗೋ ಕೂತರು.

ಪಾಸ್ಟರ್ ಬೈಬಲ್ ತೆರೆದಾಗ ಲೋಕಲ್ ಬಂತು. ಗೋಡೆ ಗಡಗಡ ನಡುಗಿ ಒಂದು ಪಾತ್ರೆ ಕೆಳಗೆ ಬಿತ್ತು. ರೈಲು ಹೋದ ಮೇಲೆ ಎರಡು ವಾಕ್ಯ ಓದಿದರು, ಇನ್ನೊಂದು ರೈಲು. ಮೂರನೇ ಸಲಕ್ಕೆ ಪಾಸ್ಟರಿಗೇ ನಗು ಬಂದು ಪುಸ್ತಕ ಮುಚ್ಚಿದರು. "ಹಾಡೋಣ್ವಾ?" ಎಂದರು. ಮುಕ್ತಾ ಎತ್ತಿದಳು. ರೈಲಿಗಿಂತ ಮೇಲೆ ಎತ್ತಿದಳು. ತೃಪ್ತಿಗೆ ಕನ್ನಡ ಬಾರದು, ಅವಳು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ರಮಿತಾಳ ಬಾಯಿಂದಲೂ ಕನ್ನಡದ ಸಾಲುಗಳು ತಪ್ಪಿಲ್ಲದೆ ಬಂದವು, ಇಷ್ಟು ವರ್ಷ ಎಲ್ಲಿ ಅಡಗಿಸಿಟ್ಟಿದ್ದಳೋ.

ಸುಸಲಾ ಬಂತು, ಸ್ಟೀಲ್ ಲೋಟದಲ್ಲಿ ಚಹಾ ಬಂತು. ಬರುವ ವಾರ ಎಲ್ಲಿ ಎಂದು ಯಾರೋ ಕೇಳಿದರು.

"ನನ್ನ ಮನೆಯಲ್ಲಿ!" ಕೈ ಎತ್ತಿದವಳು ಬಾಗಿ. "ಮನೆ ಅಂದ್ರೆ ಹೋಟೆಲಿನ ಹಿಂದಿನ ಶೆಡ್ಡು. ಬರುವವರು ಬನ್ನಿ, ಬಾರದವರು ಸಾಯ್ಲಿ."

"ಅದರ ಮುಂದಿನ ವಾರ ನಮ್ಮಲ್ಲಿ," ಎಂದ ಒಬ್ಬ ವಾಚ್‌ಮನ್. ಹೆಸರುಗಳು ಒಂದರ ಮೇಲೊಂದು ಬಿದ್ದವು. ಪಾಸ್ಟರ್ ಪೆನ್ನು ಹುಡುಕಿದರು.

ಆ ಗದ್ದಲದಲ್ಲಿ ಮೋಹಿನಿ ಮುಕ್ತಾಳ ಸೆರಗು ಮೆಲ್ಲಗೆ ಹಿಡಿದರು. ಅವರಿಗೆ ಸಕ್ಕರೆ ಕಾಯಿಲೆ, ಎರಡು ಲೋಟ ಚಹಾ ಕುಡಿದಿದ್ದರು.

"ಮುಕ್ತಾ... ಬಾತ್‌ರೂಮ್ ಎಲ್ಲಿ?"

ಮನೆಯಲ್ಲಿರಲಿಲ್ಲ. ಮುಕ್ತಾ ಡಬ್ಬಾದಲ್ಲಿ ನೀರು ತುಂಬಿ ಕೈಗೆ ಕೊಟ್ಟು, ಅವರನ್ನು ಗಲ್ಲಿಯ ತುದಿಯ ಸಾರ್ವಜನಿಕ ಸಂಡಾಸಿಗೆ ಕರೆದೊಯ್ದಳು. ಹೆಂಗಸರ ಸಾಲಿನಲ್ಲಿ ಏಳು ಜನ ಇದ್ದರು. ಮೋಹಿನಿ ಮುಕ್ತಾಳ ಮುಖ ನೋಡಿದರು. ಇವರನ್ನು ಮೊದಲು ಬಿಡಿ ಎಂದು ಮುಕ್ತಾ ಯಾರಿಗೂ ಹೇಳಲಿಲ್ಲ. ಡಬ್ಬಾ ತಾನು ಹಿಡಿಯುತ್ತೇನೆಂದು ಕೈ ಚಾಚಿದಳು.

"ಇರ್ಲಿ. ನಂದು ನಾನೇ ಹಿಡ್ಕೊಳ್ತೇನೆ," ಎಂದರು ಮೋಹಿನಿ. ಆಮೇಲೆ ಕೇಳಿದರು, "ನೀನು ದಿನಾ ಹೀಗೇನಾ?"

"ನಾ ನಸುಕಿನ್ಯಾಗ ಬರ್ತೀನ್ರಿ ಅಕ್ಕೋರ, ಆವಾಗ ಲೈನ್ ಇರಂಗಿಲ್ಲ. ಮತ್ತ ಬರೋದು ಡ್ಯೂಟಿ ಮುಗಿಸ್ಕೊಂಡು ನಾಕಕ್ಕ."

"ನಡುವೆ?"

"ನಡುವ ನಿಮ್ಮ ಬಿಲ್ಡಿಂಗಿನ್ಯಾಗ ಇರ್ತೀನೆಲ್ರಿ. ಅಲ್ಲಿ ನಮ್ಮಂತಾ ಹೆಣ್ಮಕ್ಕಳಿಗಿ ಸಂಡಾಸ ಇಲ್ಲ. ನೀರು ಕಡಿಮಿ ಕುಡದು ಹಿಡ್ಕೊಂಡ್ ಇರ್ತೀನಿ." ಮುಕ್ತಾ ನಕ್ಕಳು. "ರೂಢಿ ಆಗೇದ."

ಅಷ್ಟರಲ್ಲಿ ಮೋಹಿನಿಯ ಫೋನು ಬಡಿದುಕೊಂಡಿತು. ಸಾಹೇಬರ ದನಿ ಸಾಲಿನವರಿಗೆಲ್ಲ ಕೇಳುವಷ್ಟು ಜೋರಾಗಿತ್ತು.

"ಎಲ್ಲಿದ್ದೀ ನೀನು?"

"ಲೈನಲ್ಲಿದ್ದೇನೆ."

"ಯಾವ ಲೈನು?"

"ಸಂಡಾಸಿನ ಲೈನು ಮಾರಾಯ್ರೆ! ಎದುರು ಇನ್ನೂ ಐದು ಜನ ಇದ್ದಾರೆ." ಮೋಹಿನಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. "ಕೇಳಿ, ನಮ್ಮ ಬಿಲ್ಡಿಂಗಲ್ಲಿ ಕೆಲಸ ಮಾಡುವ ಈ ಹೆಂಗಸರು ಎಲ್ಲಿಗೆ ಹೋಗುದು? ನೀವೇ ಚೇರ್ಮನ್ ಅಲ್ವಾ, ಹೇಳಿ. ಹಲೋ? ಹಲೋ?"

ಫೋನು ಕಟ್ಟಾಗಿತ್ತು. ಮೋಹಿನಿ ಅದನ್ನೇ ನೋಡುತ್ತ ನಿಂತರು. ಸೋಮವಾರ ತನಗೆ ಕೆಲಸ ಇರುತ್ತದೋ ಇಲ್ಲವೋ ಎಂದು ಮುಕ್ತಾ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅತ್ತ ಮನೆಯಲ್ಲಿ ಬಾಗಿ ತುಳುವಿನಲ್ಲಿ ಏನೋ ಹಾಡು ತೆಗೆದಿದ್ದಳು, ಗೊತ್ತಿಲ್ಲದವರೂ ಅದಕ್ಕೆ ದನಿ ಸೇರಿಸಿದ್ದರು.

ಸಾಲು ಮುಂದೆ ಹೋದದ್ದು ಮೋಹಿನಿಗೆ ಗೊತ್ತಾಗಲಿಲ್ಲ. ಹಿಂದೆ ನಿಂತವಳು ಅವರ ಬೆನ್ನಿಗೆ ಬೆರಳಿನಿಂದ ತಿವಿದಳು.

"ಆಗೇ ಸರ್ಕೋ ನಾ, ಮೌಶೀ!"

ಮೋಹಿನಿ ಡಬ್ಬಾದ ನೀರು ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು, ಒಂದು ಹೆಜ್ಜೆ ಮುಂದೆ ಸರಿದರು.