ಯೋಪಿಯ ವ್ಯಾನಿಗೆ ಹಾಡು

ದೂರದ ದ್ವೀಪದ ಬೆಟ್ಟದೂರು ತೊಮೊಹೊನ್‌ನ ಪೇಟೆಯಲ್ಲಿ ಹಾಡಿಲ್ಲದ ಬಾಡಿಗೆ ವ್ಯಾನಿಗೆ ಜನ ಹತ್ತುವುದಿಲ್ಲ. ಹತ್ತು ನೀಲಿ ವ್ಯಾನು ಸಾಲಾಗಿ ನಿಂತಿದ್ದರೆ ಶಾಲೆಯ ಮಕ್ಕಳು ಒಂದೊಂದರ ಬಾಗಿಲಲ್ಲೂ ಇಣುಕಿ, ಯಾವುದರಲ್ಲಿ ಒಳ್ಳೆಯ ಹಾಡು ಕೇಳುತ್ತದೋ ಅದನ್ನೇ ಹತ್ತುತ್ತಾರೆ. ಚಾಲಕ ಯೋಪಿಯ ವ್ಯಾನಿನ ಸೀಟಿನ ಕೆಳಗೆ ದೊಡ್ಡ ಸ್ಪೀಕರ್ ಇತ್ತು. ಹಾಡುಗಳು ಮಾತ್ರ ಹಳೆಯವು. ಈಸ್ಟರ್ ಶಿಬಿರ ಮುಗಿಸಿ ಬಂದ ಮಕ್ಕಳಿಗೆ ಕ್ರೈಸ್ತ ರಾಕ್ ಹಾಡೇ ಬೇಕು. ಗಿಟಾರ್ ಗುಡುಗಬೇಕು, ಡ್ರಮ್ ಎದೆಗೆ ಬಡಿಯಬೇಕು, ಯೇಸುವಿನ ಹೆಸರೂ ಇರಬೇಕು.

"ಬಾರಾ ಲೋಕೋನ್ ಹಾಡು ಇಲ್ವಾ ಮಾಮ?" ಎಂದು ಕೇಳುವರು. ಇಲ್ಲ ಎಂದರೆ ಹಿಂದಿನ ವ್ಯಾನಿಗೆ ಹೋಗುವರು.

ಬಾರಾ ಲೋಕೋನ್ ಅದೇ ಊರಿನ ತಂಡ. ಅದರಲ್ಲಿ ಬೇಸ್ ಗಿಟಾರ್ ನುಡಿಸುವ ಆಲ್ಚೆ, ಯೋಪಿಯ ಹೆಂಡತಿ ಮೇಸ್ಕೆಗೆ ಚಿಕ್ಕಪ್ಪನ ಮಗಳು. ಆಲ್ಚೆಯನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಕೇಳಿದರೆ ಕಾಸು ಬಿಚ್ಚಬೇಕಾಗುತ್ತದೆ ಎಂದುಕೊಂಡು ಯೋಪಿ ಸುಮ್ಮನಾದ.

ಒಂದು ಮಧ್ಯಾಹ್ನ ಮೇಸ್ಕೆ ಸೇವಂತಿಗೆ ತೋಟದಿಂದ ಬಂದು ಜಗಲಿಯ ಮೇಲೆ ಕುಸಿದು ಕೂತಿದ್ದಳು. ಬೆಳಗ್ಗೆ ಎದ್ದಾಗಿನಿಂದ ಹೂ ಕೊಯ್ದು, ಕಟ್ಟು ಕಟ್ಟಿ, ಮಾರುಕಟ್ಟೆಗೆ ಕಳಿಸಿ, ಮತ್ತೆ ಕಳೆ ಕಿತ್ತು ಸೊಂಟ ಹಿಡಿದುಕೊಂಡಿತ್ತು.

"ನಿನ್ನ ಫೋನ್ ಕೊಡು. ನನ್ನದ್ರಲ್ಲಿ ಜಾಗ ಇಲ್ಲ," ಎಂದ ಯೋಪಿ.

ಯಾಕೆ ಎಂದು ಕೇಳುವ ತ್ರಾಣವೂ ಅವಳಿಗಿರಲಿಲ್ಲ. ಕೊಟ್ಟಳು.

ಯೋಪಿ 'ಕ್ರೈಸ್ತ ರಾಕ್ ಹಾಡು ಉಚಿತ' ಎಂದು ಹುಡುಕಿದ. ಒಂದು ತಾಣ ಸಿಕ್ಕಿತು. ಎಲ್ಲ ತಂಡಗಳ ಎಲ್ಲ ಆಲ್ಬಂಗಳೂ ಪುಕ್ಕಟೆ ಎಂದು ಬರೆದಿತ್ತು. ಕೆಳಗೆ ದೊಡ್ಡ ಹಸಿರು ಬಟನ್. ಒತ್ತಿದ. ಮೊದಲು ಇನ್ನೊಂದು ಆ್ಯಪ್ ಹಾಕಿಕೊಳ್ಳಬೇಕು ಎಂದಿತು. ಹಾಕಿಕೊಂಡ. ಪರಿಚಯದವರ ನಂಬರುಗಳನ್ನು ನೋಡಬಹುದೇ, ಸಂದೇಶ ಕಳಿಸಬಹುದೇ ಎಂದು ಆ ಆ್ಯಪ್ ಕೇಳಿತು. ಎಲ್ಲದಕ್ಕೂ ಹೂಂ ಎಂದು ಒತ್ತಿದ. ಇಪ್ಪತ್ತೆಂಟು ಹಾಡುಗಳು ಇಳಿದವು. ಅವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಸೀಟಿ ಹೊಡೆಯುತ್ತ ಹೋದ.

ಮೂರು ದಿನ ಕಳೆಯಿತು. ಶುಕ್ರವಾರ ಬೆಳಗ್ಗೆ ಮೇಸ್ಕೆ ಹೂ ಕಟ್ಟುತ್ತಿದ್ದಾಗ ಪ್ರಾರ್ಥನಾ ಗುಂಪಿನ ಹಿರಿಯ ವೆಲ್ಲಿ ಮಾಮನ ಫೋನ್ ಬಂತು.

"ಮೇಸ್ಕೆ, ಏನಮ್ಮ ಇದು? ಗುಂಪಿಗೆ ಏನೇನೋ ಕಳಿಸಿದ್ದೀಯಲ್ಲ."

"ನಾನು ಏನೂ ಕಳಿಸಿಲ್ಲ ಮಾಮ."

"ನಿನ್ನ ಹೆಸರಲ್ಲೇ ಬಂದಿದೆ. ಜೂಜಾಡಿ, ದುಡ್ಡು ಗೆಲ್ಲಿ ಅಂತ. ಅದೂ ನಮ್ಮ ಚರ್ಚಿನ ಲಾಸುಟ್ ಅವರ ಸಾವಿನ ಸುದ್ದಿ ಹಾಕಿದೀವಲ್ಲ, ಸರಿಯಾಗಿ ಅದರ ಕೆಳಗೆ."

ಸಂದೇಶ ಗುಂಪಿಗಷ್ಟೇ ಹೋಗಿರಲಿಲ್ಲ. ಪಾದ್ರಿಯ ಹೆಂಡತಿಗೆ, ಹೂ ಕೊಳ್ಳುವವರಿಗೆ, ನಂಬರ್ ಇದ್ದವರಿಗೆಲ್ಲ ಹೋಗಿತ್ತು. ಅಳಿಸಿದಂತೆಲ್ಲ ಮತ್ತೆ ಹೋಗುತ್ತಿತ್ತು. ಮಾರುಕಟ್ಟೆಯಲ್ಲಿ ಪಕ್ಕದ ಅಂಗಡಿಯವಳು, "ಏನು ಮೇಸ್ಕೆ, ಹೂವಿನ ಜೊತೆ ಇಸ್ಪೀಟೂ ಮಾರ್ತೀಯಾ?" ಎಂದು ನಕ್ಕಳು. ಮೇಸ್ಕೆ ಅಲ್ಲಿಂದ ನೇರ ಫೋನ್ ರಿಪೇರಿ ಅಂಗಡಿಗೆ ನಡೆದಳು.

ಫೋನ್ ರಿಪೇರಿಯವನು ನೋಡಿ ತಲೆಯಾಡಿಸಿದ. "ಆ ಆ್ಯಪ್ ಒಳಗೆ ಬೇರು ಬಿಟ್ಟಿದೆ. ಪೂರ್ತಿ ಅಳಿಸಿ ಹೊಸದಾಗಿ ಮಾಡ್ಬೇಕು. ಬೇಕಾದ್ದನ್ನ ಬೇರೆ ಕಡೆ ಉಳಿಸಿದ್ದೀರಾ?"

ಉಳಿಸಿರಲಿಲ್ಲ. ಆ ಫೋನಿನಲ್ಲಿ ಅವಳ ಅಮ್ಮ ಕಳಿಸಿದ್ದ ಧ್ವನಿಸಂದೇಶಗಳಿದ್ದವು. ಅಮ್ಮ ಹೋದ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದಳು. ದೊಡ್ಡ ಮಾತುಗಳೇನೂ ಇರಲಿಲ್ಲ. "ಊಟ ಆಯ್ತಾ? ಮಳೆ ಬರೋ ಹಾಗಿದೆ, ಬಟ್ಟೆ ಒಳಗೆ ತಗೋ." ಇಷ್ಟೇ. ಹೂ ಕಟ್ಟುವಾಗ ಮೇಸ್ಕೆ ಅವನ್ನೇ ಹಾಕಿಕೊಂಡು ಕೇಳುತ್ತಿದ್ದಳು. ಅವನ್ನು ಉಳಿಸಲು ರಿಪೇರಿಯವನು ಒಂದು ಗಂಟೆ ಒದ್ದಾಡಿದ. ಆಗಲಿಲ್ಲ.

"ಅಳಿಸಿಬಿಡಿ," ಎಂದಳು ಮೇಸ್ಕೆ. ಅಂಗಡಿಯ ಸ್ಟೂಲಿನ ಮೇಲೆ ಕೂತು ಕಾದಳು. ಅಳು ಬರಲಿಲ್ಲ. ಅಳುವುದಕ್ಕೂ ಸಾಕಾಗಿತ್ತು.

ಮರುದಿನ ಸಂಜೆ ಆಲ್ಚೆ ಬಂದಳು. ಹಗಲೆಲ್ಲ ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುವ ಕೆಲಸ ಅವಳದು. ಅದೇ ಸಮವಸ್ತ್ರದಲ್ಲಿ, ಕರಿದ ಬಾಳೆಕಾಯಿಯ ಪೊಟ್ಟಣ ಹಿಡಿದು ಬಂದಿದ್ದಳು.

"ನನಗೂ ಬಂತು ಅಕ್ಕ, ಆ ಜೂಜಿನ ಸಂದೇಶ. ಫೋನಿಗೆ ಏನು ಹಾಕಿದ್ರಿ?"

ಯೋಪಿ ನೆಲ ನೋಡುತ್ತ ಎಲ್ಲ ಹೇಳಿದ. ಕೊನೆಗೆ ತನ್ನ ವಾದವನ್ನೂ ಸೇರಿಸಿದ. "ದೇವರ ಹಾಡು ತಾನೇ? ದೇವರ ಹಾಡು ತಗೊಂಡ್ರೆ ಅದು ಹೇಗೆ ಕಳ್ಳತನ ಆಗತ್ತೆ?"

"ಚರ್ಚಿನ ಬೆಂಚೂ ದೇವರದ್ದೇ ಭಾವ. ಹೊತ್ಕೊಂಡು ಹೋಗ್ತೀರಾ?"

ವೆಲ್ಲಿ ಮಾಮನ ಫೋನ್ ಬಂದಾಗಿನಿಂದ ಮೊದಲ ಸಲ ಮೇಸ್ಕೆ ಸಣ್ಣಗೆ ನಕ್ಕಳು.

ಆಲ್ಚೆ ಚಪ್ಪಲಿ ಬಿಟ್ಟು ಕಾಲು ಚಾಚಿದಳು. "ಅದೂ ಅಲ್ದೆ, ನಮ್ಮ ಹಾಡು ನಾಲ್ಕು ವರ್ಷದಿಂದ ಪುಕ್ಕಟೆನೇ ಇದೆ. ನಾವೇ ನಮ್ಮ ತಂಡದ ಪುಟದಲ್ಲಿ ಹಾಕಿದೀವಿ."

"ಪುಕ್ಕಟೆನಾ?"

"ಪುಕ್ಕಟೆನೇ."

ಯೋಪಿ ಸ್ವಲ್ಪ ಯೋಚಿಸಿದ. "ಹಾಗಾದ್ರೆ ಅಲ್ಲಿಂದ ತಗೊಂಡ್ರೇನು, ಇಲ್ಲಿಂದ ತಗೊಂಡ್ರೇನು?"

"ಅಲ್ಲಿಂದ ತಗೊಂಡಿದ್ದಕ್ಕೆ ಏನಾಯ್ತು ಅಂತ ಅಕ್ಕನ ಮುಖ ನೋಡಿ, ಗೊತ್ತಾಗತ್ತೆ. ನಾವು ಹಾಡು ಕೊಡ್ತೀವಿ. ಅವರು ಹಾಡು ತೋರಿಸಿ ಫೋನ್ ಕಿತ್ಕೋತಾರೆ. ಹೋದ ತಿಂಗಳು ಯಾರೋ ತಾಯಿ ಫೋನ್ ಮಾಡಿ, ನಿಮ್ಮ ಹಾಡಿಂದ ನನ್ನ ಮಗನ ಫೋನ್ ಹಾಳಾಯ್ತು ಅಂತ ಬೈದ್ರು. ನಾವು ಮಾಡಿದ್ದಲ್ಲ ಅಂದ್ರೆ ನಂಬ್ಲೇ ಇಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ನಮ್ಮ ಪುಟದಿಂದ ಹಾಡು ಇಳಿಸಿಕೊಂಡವರು ತಮ್ಮ ಊರಿನ ಹೆಸರು ಬರೀತಾರೆ. ದೂರದ ತಲಾವುದ್ ದ್ವೀಪದವರು, ಹಡಗಿನ ಅಡುಗೆಮನೇಲಿ ಕೆಲಸ ಮಾಡೋರು. ಅದನ್ನ ಓದ್ಕೊಂಡೇ ನಾನಿನ್ನೂ ಗಿಟಾರ್ ಹಿಡಿದಿರೋದು. ಇಲ್ದಿದ್ರೆ ಈ ಕೆಲಸ ಮುಗಿಸಿ ಬಂದ ಮೇಲೆ ನನಗೂ ಬೇಡ ಅನ್ಸತ್ತೆ."

"ಸರಿಯಾದ ಜಾಗ ಅಂತ ಗೊತ್ತಾಗೋದು ಹೇಗೆ?" ಮೇಸ್ಕೆ ಕೇಳಿದಳು.

ಆಲ್ಚೆ ತನ್ನ ಫೋನ್ ತೆಗೆದಳು. "ಉಚಿತ ಹಾಡು ಅಂತ ಹುಡುಕಬೇಡಿ. ತಂಡದ ಹೆಸರು ಹುಡುಕಿ. ಅವರ ಸ್ವಂತ ಪುಟ ಹೌದೋ ಅಲ್ವೋ ಅನುಮಾನ ಬಂದ್ರೆ ಅವರ ಪೋಸ್ಟರ್ ಮೇಲೆ ವಿಳಾಸ ಇರತ್ತೆ, ಹೋಲಿಸಿ ನೋಡಿ. ಆಮೇಲೆ ಈ ಸಣ್ಣ ಅಕ್ಷರ ಓದಿ ಭಾವ."

ಯೋಪಿ ಕನ್ನಡಕ ಏರಿಸಿ ಓದಿದ. "ಇಳಿಸಿಕೊಳ್ಳಬಹುದು. ಹಂಚಬಹುದು. ವಾಹನಗಳಲ್ಲಿ ಹಾಕಬಹುದು. ಮಾರುವಂತಿಲ್ಲ."

"ಎಲ್ಲ ತಂಡದವರೂ ಹೀಗೇ ಬರೆದಿರಲ್ಲ. ಕೆಲವರು ಒಂದೇ ಹಾಡು ಪುಕ್ಕಟೆ ಕೊಡ್ತಾರೆ. ಕೆಲವರು ಇಷ್ಟ ಬಂದಷ್ಟು ಕೊಡಿ ಅಂತಾರೆ, ಅಲ್ಲಿ ಸೊನ್ನೆ ಹಾಕೋಕೆ ಅವರೇ ಬಿಟ್ಟಿದ್ರೆ ಹಾಕಬಹುದು. ಇಮೇಲ್ ಕೇಳಿದ್ರೆ ಪರವಾಗಿಲ್ಲ. ಬ್ಯಾಂಕಿನ ನಂಬರ್ ಕೇಳಿದ್ರೆ ಪುಕ್ಕಟೆ ಹೇಗಾಗತ್ತೆ? ಆ್ಯಪ್ ಹಾಕ್ಕೊಳ್ಳಿ ಅಂದ್ರೆ ಅಲ್ಲೇ ನಿಲ್ಲಿಸಿ. ನಿಮ್ಮ ನೆಂಟರ ನಂಬರ್ ಕಟ್ಕೊಂಡು ಹಾಡಿಗೇನಾಗಬೇಕು?"

"ವಿದೇಶದ ತಂಡಗಳದ್ದು?"

"ಅವರದ್ದೂ ಇದೇ ಲೆಕ್ಕ. ಕೊಟ್ಟಿದ್ರೆ ಅವರ ಪುಟದಲ್ಲೇ ಕೊಟ್ಟಿರ್ತಾರೆ. ಕೊಟ್ಟಿಲ್ಲ ಅಂದ್ರೆ ಅದು ಪುಕ್ಕಟೆ ಅಲ್ಲ. ಮತ್ತೆ ಅಕ್ಕ, ಫೋನಲ್ಲಿರೋದನ್ನ ತಿಂಗಳಿಗೊಂದ್ಸಲ ಬೇರೆ ಕಡೆ ಉಳಿಸಿಡು."

ಯೋಪಿ ವ್ಯಾನಿಗೆ ಹೋಗಿ ಪೆನ್‌ಡ್ರೈವ್ ತಂದ. ಅದರಲ್ಲಿದ್ದ ಇಪ್ಪತ್ತೆಂಟು ಹಾಡುಗಳನ್ನೂ ಅಳಿಸೆಂದು ಆಲ್ಚೆಗೆ ಕೊಟ್ಟ. ಅವಳು ತಂಡದ ಪುಟದಿಂದ ಹನ್ನೊಂದು ಹಾಡು ಇಳಿಸಿಕೊಟ್ಟಳು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಅವಳು ಹೋದ ಮೇಲೆ ಯೋಪಿ ಹೆಂಡತಿಯ ಪಕ್ಕ ಕೂತ. "ಅಮ್ಮನ ದನಿ ಹೋಯ್ತಲ್ಲ ಮೇಸ್ಕೆ."

"ಹೋಯ್ತು."

"ನನ್ನಿಂದಲೇ."

ಮೇಸ್ಕೆ ಹೌದೆಂದು ತಲೆಯಾಡಿಸಿದಳು. ತಟ್ಟೆಯಲ್ಲಿ ಉಳಿದಿದ್ದ ಬಾಳೆಕಾಯಿಯನ್ನು ಅವನ ಕಡೆ ಸರಿಸಿದಳು. "ಮೊದಲು ತಿನ್ನು, ಆರಿಹೋಗತ್ತೆ," ಎಂದಳು.

ಬುಧವಾರದ ಪ್ರಾರ್ಥನೆ ವೆಲ್ಲಿ ಮಾಮನ ಮನೆಯಲ್ಲಿತ್ತು. ಮೇಸ್ಕೆ ಹಿಂದಿನ ಸಾಲಿನಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಕೂತಳು. ಕೊನೆಯ ಹಾಡು ಮುಗಿದು ಚಹಾ ಬರುವ ಹೊತ್ತಿಗೆ ಯೋಪಿ ಎದ್ದು ನಿಂತ. ಜನರ ಮುಂದೆ ಎರಡು ಮಾತು ಆಡಿದವನೇ ಅಲ್ಲ ಅವನು.

"ಆ ಜೂಜಿನ ಸಂದೇಶ ಮೇಸ್ಕೆ ಕಳಿಸಿದ್ದಲ್ಲ," ಎಂದ. "ಪುಕ್ಕಟೆ ಹಾಡಿನ ಆಸೆಗೆ ಕಂಡಕಂಡದ್ದನ್ನ ಒತ್ತಿದೋನು ನಾನು. ನಗೋದಾದ್ರೆ ನನ್ನ ನೋಡಿ ನಗಿ. ಆಮೇಲೆ ನಿಮ್ಮ ಮಕ್ಕಳ ಫೋನ್ ತಗೊಂಡು ಬನ್ನಿ, ಹಾಡು ಎಲ್ಲಿ ಸಿಗತ್ತೆ ಅಂತ ತೋರಿಸ್ತೀನಿ."

ಯಾರೂ ನಗಲಿಲ್ಲ. ಮಾರುಕಟ್ಟೆಯಲ್ಲಿ ಇಸ್ಪೀಟಿನ ಮಾತಾಡಿದವಳೇ ಮೊದಲು ತನ್ನ ಫೋನ್ ಹಿಡಿದು ಎದ್ದಳು. ಮೇಸ್ಕೆಯ ಹತ್ತಿರ ಬಂದಾಗ ಅವಳ ಭುಜ ಮುಟ್ಟಿ, "ಜರುಗು, ನಾನೂ ಇಲ್ಲೇ ಕೂರ್ತೀನಿ," ಎಂದಳು. ಮೇಸ್ಕೆ ಜರುಗಿ ಜಾಗ ಕೊಟ್ಟಳು. ಶುಕ್ರವಾರದಿಂದ ಬಿಗಿಹಿಡಿದಿದ್ದ ಬೆನ್ನನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದಳು.

ಇದನ್ನು ಓದುತ್ತಿರುವ, ಓದಿಸಿಕೊಂಡು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮಗೂ ಒಂದು ತಂಡದ ಹಾಡು ಇಷ್ಟವಾಗಿರಬಹುದು. ಮೊದಲು ಆ ತಂಡದ ಪುಟಕ್ಕೇ ಹೋಗಿ ನೋಡಿ. ಗೊತ್ತಾಗದಿದ್ದರೆ ಒಂದು ಸಾಲು ಬರೆದು ಅವರನ್ನೇ ಕೇಳಿ. ಎಷ್ಟೋ ತಂಡದವರು ಸಂತೋಷದಿಂದ ಕೊಡುತ್ತಾರೆ. ಕೊಡದಿದ್ದರೆ ಅದು ಅವರ ದುಡಿಮೆ ಎಂದು ತಿಳಿದು ಕೊಂಡುಕೊಳ್ಳಿ, ಇಲ್ಲವೇ ಬಿಟ್ಟುಬಿಡಿ. ಉತ್ತರ ಬರಲು ಎರಡು ದಿನ ತಡವಾಗಬಹುದು. ಕಾಯಿರಿ. ಹಾಡು ಎಲ್ಲೂ ಓಡಿಹೋಗುವುದಿಲ್ಲ.