ಆಕೆ ಹಚ್ಚದ ಒಲೆ

ಗೋಡೆಗೆ ಒರಗಿಸಿ ಕೂರಿಸಿದ್ದ ಅತ್ತೆಯ ಹೆಣ ಮತ್ತೆ ವಾಲಿತು. ಸುಜಾತಾ ಭುಜಕ್ಕೆ ಕೈಕೊಟ್ಟು ನೆಟ್ಟಗೆ ಮಾಡುವಾಗ, ಮಾವ ಬಸವಣ್ಣೆಪ್ಪ ಕುಲಗೋಡದ ಹಿರಿಯರೆದುರು ಟವೆಲ್ ಬಾಯಿಗೊತ್ತಿಕೊಂಡು ಬಿಕ್ಕಿದ.

"ಪಾಪ, ನಮ್ಮ ಸುಂದ್ರವ್ವಗ ಕಡೀಕ ತಲಿನ ನೆಟ್ಟಗಿರಲಿಲ್ರಿ. ಒಲಿ ಹಚ್ಚಿ ಮರೀತಿದ್ಲು. ಸಣ್ಣ ಕೂಸಿನಂಗ ಕಾದೇನ್ರಿ ನಾ."

"ನಿಮ್ಮಂಥಾ ಗಂಡ ಸಿಗೂದಿಲ್ಲ ಬಿಡ್ರಿ," ಎಂದ ಬಾಜೂ ಮನೆಯ ಉದ್ದಪ್ಪ.

ಸುಜಾತಾ ಮುಖ ತಿರುಗಿಸಿ ಅತ್ತೆಯ ಸೆರಗು ಸರಿಮಾಡಿದಳು.

*

ಅವಳು ಸೊಸೆಯಾಗಿ ಬಂದಾಗ ಸುಂದ್ರವ್ವ ಅರ್ಧ ಊರಿನ ಹೆಂಗಸರಿಗೆ ಜಂಪರ ಹೊಲಿಯುತ್ತಿದ್ದಳು. ಹೊಲಿಯುತ್ತಲೇ ಹರಟುತ್ತಿದ್ದಳು, ದೊಡ್ಡದಾಗಿ ನಗುತ್ತಿದ್ದಳು. ಆಮೇಲೆ ಕತ್ತರಿ ಕಾಣೆಯಾಗಿ ಹಿಟ್ಟಿನ ಡಬ್ಬಿಯಲ್ಲಿ ಸಿಗತೊಡಗಿತು. ಆರಿಸಿ ಬಂದ ಒಲೆ ಮತ್ತೆ ಉರಿಯುತ್ತಿತ್ತು. "ನಿನಗ ಏನೋ ಆಗೈತಿ," ಎಂದು ಬಸವಣ್ಣೆಪ್ಪ ಮೆತ್ತಗೆ, ನಾಲ್ಕು ಜನ ಇದ್ದಾಗಲೇ ಹೇಳುತ್ತಿದ್ದ. ಅವಳು ಹೊಲಿಗೆ ಬಿಟ್ಟಳು, ಸಂತೆಗೆ ಹೋಗುವುದನ್ನೂ ಬಿಟ್ಟಳು. ಕೊನೆಗೆ, "ಸುಜಾತಾ, ನಾ ಉಂಡ್ನೇನ?" ಎಂದು ಕೇಳುವಂತಾದಳು.

ಒಂದು ಮಧ್ಯಾಹ್ನ ಸುಜಾತಾ ಹಿತ್ತಲ ಬಾಗಿಲಲ್ಲಿ ನಿಂತೇ ಕಂಡಳು: ಮಾವ ಅಡುಗೆಮನೆಗೆ ಬಂದು, ಗ್ಯಾಸ್ ಹಚ್ಚಿ, ಖಾಲಿ ಪಾತ್ರೆ ಇಟ್ಟು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತ. ಸೀದ ವಾಸನೆ ಬಂದ ಮೇಲೆ ಹೆಂಡತಿಯನ್ನು ಕೂಗಿದ.

ಸುಜಾತಾ ಅದನ್ನೆಲ್ಲ ಅತ್ತೆಗೆ ಹೇಳಿದಳು. ಸುಂದ್ರವ್ವ ಅವಳ ಕೆನ್ನೆ ಸವರಿ, "ನಿನಗೂ ನನ್ನಂಗ ಆಗಾಕತ್ತೈತೇನ ಯವ್ವಾ?" ಎಂದು ಅತ್ತಳು. ಗಂಡ ಭೀಮೇಶನೂ ನಂಬಲಿಲ್ಲ.

ನಿನ್ನೆ ಸುಂದ್ರವ್ವ ಎದೆ ನೋವು ಎಂದಾಗಲೂ ಬಸವಣ್ಣೆಪ್ಪ, "ಭ್ರಮಿ ಅದು, ಮಲಕೋ," ಎಂದ. "ಹೌದೇನೋ," ಎಂದು ಅವಳು ಮಲಗಿದಳು. ಸುಜಾತಾ ಜಗಳಾಡಿ ಗಾಡಿ ತರಿಸಿ ಘಟಪ್ರಭಾದ ದವಾಖಾನೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

*

ಹೆಣ ಎತ್ತುವ ಹೊತ್ತಾಯಿತು. ಬಸವಣ್ಣೆಪ್ಪ ಹೆಂಡತಿಯ ಹಣೆಗೆ ವಿಭೂತಿ ಎಳೆದು, ಸೊಸೆಯ ಕಡೆ ತಿರುಗಿದ. "ಹೂವಿನ ಬುಟ್ಟಿ ನಿನ್ನ ಕೈಯಾಗ ಕೊಟ್ಟಿದ್ನಲ್ಲಾ, ಎಲ್ಲಿಟ್ಟಿ?"

"ನನಗ ಕೊಟ್ಟಿಲ್ರಿ ಮಾವಾರ."

"ಕೊಟ್ಟೇನವಾ." ದನಿ ಬೆಣ್ಣೆಯಂತಿತ್ತು. "ನೀನೂ ಮರಿಯಾಕತ್ತಿ ನೋಡು."

ಹೆಂಗಸರು ಮರುಗಿ ನೋಡಿದರು. ಸುಜಾತಾ ತನ್ನ ಅಂಗೈಗಳನ್ನು ನೋಡಿಕೊಂಡಳು. ಹಾಗೆ ನೋಡಿಕೊಂಡದ್ದಕ್ಕೇ ಮೈಗೆಲ್ಲ ಹೇಸಿಗೆ ಮೆತ್ತಿದಂತಾಯಿತು.

"ಕೊಟ್ಟಿಲ್ಲ! ಆವತ್ತು ಒಲಿ ಹಚ್ಚಿದವ್ರೂ ನೀವ, ನಾ ಕಣ್ಣಾರೆ ನೋಡೇನಿ. ಎದಿ ನೋವಂದ್ರ ಭ್ರಮಿ ಅಂತ ಮಲಗಿಸಿದವ್ರೂ ನೀವ."

"ನಿದ್ದಿಗೆಟ್ಟು ಏನೇನರೆ ಮಾತಾಡಬ್ಯಾಡ," ಭೀಮೇಶ ಅವಳ ರಟ್ಟೆ ಹಿಡಿದ.

ಹತ್ತರಗಿಯಿಂದ ಬಂದಿದ್ದ ಸುಂದ್ರವ್ವನ ತಂಗಿ ಲಕ್ಕವ್ವ ಹೆಣದ ಪಕ್ಕದಿಂದ ತಲೆ ಎತ್ತಿದಳು. "ಖರೆ ನೋಡಿಯೇನ?"

"ನೋಡೇನ್ರಿ ಚಿಗವ್ವಾ."

ಬಸವಣ್ಣೆಪ್ಪ ಏನೋ ಹೇಳಲು ಬಾಯಿ ತೆರೆದ. ಲಕ್ಕವ್ವ ಅವನತ್ತ ನೋಡಲಿಲ್ಲ. ಸೆರಗಿನ ತುದಿಯನ್ನು ತಂಬಿಗೆಯ ನೀರಲ್ಲಿ ಅದ್ದಿ, ಅಕ್ಕನ ಹಣೆಯ ಮೇಲೆ ಅವನ ಬೆರಳುಗಳು ಎಳೆದಿದ್ದ ಮೂರು ಪಟ್ಟೆಗಳನ್ನು, ಚರ್ಮ ಕಾಣುವವರೆಗೂ, ಉಜ್ಜಿ ಉಜ್ಜಿ ಒರೆಸತೊಡಗಿದಳು.