ಅವರು ನಿಮಗೇನಾಗಬೇಕು?

ಮನೆ ಬಿಡಿ ಎಂಬ ಮಾತನ್ನು ಮಾಲೀಕರು ಎಷ್ಟು ನಯವಾಗಿ ಹೇಳಿದರೆಂದರೆ, ಅವರು ಮೆಟ್ಟಿಲು ಹತ್ತಿ ತಮ್ಮ ಮನೆ ಸೇರಿಕೊಂಡ ಮೇಲೆಯೇ ಸೊಸೆಗೆ ಅದು ತಲೆಗೆ ಹೋದದ್ದು. ಬೆಳಗಿನಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಕಂಡವರ ತೋಳಿಗೆಲ್ಲ ಸೂಜಿ ಚುಚ್ಚಿ ರಕ್ತ ತೆಗೆದು ಬಂದವಳು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಮಾಲೀಕರು ಬಾಗಿಲಲ್ಲೇ ನಿಂತು ಆರೋಗ್ಯ ವಿಚಾರಿಸಿದರು, ಬಚ್ಚಲಿನ ನಲ್ಲಿ ಸೋರುವುದು ನಿಂತಿತೇ ಎಂದು ಕೇಳಿದರು, ಆಮೇಲೆ ಗಂಟಲು ಸರಿಮಾಡಿಕೊಂಡು, "ನಾನು ಮನೆ ಕೊಟ್ಟಿದ್ದು ಒಂದು ಸಂಸಾರಕ್ಕೆ ಅಲ್ವಾಮ್ಮ? ಈಗ ಸಂಸಾರ ಅಂತ ಏನೂ ಉಳಿದಿಲ್ಲ. ತಿಂಗಳ ಕೊನೆಯೊಳಗೆ ಬೇರೆ ನೋಡ್ಕೊಂಡ್ರೆ ಎಲ್ಲರಿಗೂ ಒಳ್ಳೇದು," ಎಂದರು.

"ಏನಂತೆ?" ಒಳಗಿನಿಂದ ಅತ್ತೆ ಕೇಳಿದರು. ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿರಲಿಲ್ಲ.

"ಮನೆ ಬಿಡ್ಬೇಕಂತೆ. ಇಲ್ಲಿ ಸಂಸಾರ ಇಲ್ವಂತೆ."

ಯಂತ್ರ ನಿಂತಿತು. "ಹಾಗಾದ್ರೆ ನಾವಿಬ್ಬರೂ ಇಲ್ಲಿ ಕೂತು ಏನು ಮಾಡ್ತಿದೀವಂತೆ? ರೈಲು ಕಾಯ್ತಿದೀವಾ?"

ಅತ್ತೆಯ ಮಗನಿಗೂ ಸೊಸೆಗೂ ವಿಚ್ಛೇದನವಾಗಿತ್ತು. ಅವನು ಬೇರೆ ಮದುವೆಯಾಗಿ ಊರಿನ ಆಚೆ ತುದಿಯಲ್ಲಿ ಮನೆ ಮಾಡಿದ. ಮೇಲಿನ ಮನೆಯ ಮಾಲೀಕರು ಮಾತ್ರ ಅವನು ಕೆಲಸದ ಮೇಲೆ ಪರವೂರಿನಲ್ಲಿದ್ದಾನೆ ಎಂದೇ ನಂಬಿಕೊಂಡಿದ್ದರು. ಹಿಂದಿನ ತಿಂಗಳು ಅವನು ಅಮ್ಮನನ್ನು ಕರೆದೊಯ್ಯಲು ಕಾರು ತಂದ. ಅಮ್ಮ ಕುರ್ಚಿಯಿಂದ ಏಳಲಿಲ್ಲ. "ನನ್ನ ಮಿಷನ್ ಇಲ್ಲಿದೆ, ಗಿರಾಕಿಗಳು ಇಲ್ಲಿದಾರೆ," ಎಂದರು, ಅಷ್ಟೇ. ಅವನು ಮೆಟ್ಟಿಲ ಬುಡದಲ್ಲಿ ನಿಂತು ಕೂಗಾಡಿದ್ದನ್ನು ಮಾಲೀಕರು ಒಂದಕ್ಷರ ಬಿಡದೆ ಕೇಳಿಸಿಕೊಂಡರು.

ಅತ್ತೆ ಯಾಕೆ ಉಳಿದರು ಎಂಬುದು ಸೊಸೆಗೂ ಗೊತ್ತಿರಲಿಲ್ಲ. ಪ್ರೀತಿಯಿಂದ ಎನ್ನೋಣವೆಂದರೆ, ಅವಳು ಒರೆಸಿದ ನೆಲವನ್ನು ಅವಳೆದುರೇ ಮತ್ತೊಮ್ಮೆ ಒರೆಸುವ ಹೆಂಗಸು ಅದು. ಬೇಳೆ ಬೆಂದಿಲ್ಲ, ಬಟ್ಟೆ ಹಿಂಡಿಲ್ಲ, ದೀಪ ಆರಿಸಿಲ್ಲ ಎಂದು ದಿನವಿಡೀ ಗೊಣಗಾಟ. ಬಾಯಿಬಿಟ್ಟು ಕೇಳಲು ಅವಳಿಗೆ ಧೈರ್ಯವಿರಲಿಲ್ಲ. ಕೇಳಿದ ಮೇಲೆ, ಹೌದಲ್ಲ, ನಾನ್ಯಾಕೆ ಇಲ್ಲಿದೀನಿ ಎಂದು ಎದ್ದು ಹೊರಟುಬಿಟ್ಟರೆ?

ಬೇರೆ ಮನೆ ಹುಡುಕಿಯೂ ಆಯಿತು. ಒಂದು ಕಡೆ, "ಗಂಡಸರು ಯಾರೂ ಇಲ್ವಾ?" ಎಂದರು. ಇನ್ನೊಂದು ಕಡೆ ಅತ್ತೆ ಸೊಸೆ ಎಂದು ಕೇಳಿ ಖುಷಿಪಟ್ಟು, ಮಗ ಎಲ್ಲಿ ಎಂದು ಕೇಳಿ, ಉತ್ತರ ಸಿಕ್ಕಿದ್ದೇ, "ಮತ್ತೆ ಈಗ ಇವರು ನಿಮಗೇನಾಗಬೇಕು?" ಎಂದು ಹುಬ್ಬು ಗಂಟಿಕ್ಕಿದರು. ಮೂರನೆಯ ಕಡೆ ತಾಯಿ ಮಗಳು ಎಂದೇ ಹೇಳಿಬಿಡೋಣವೆಂದು ಸೊಸೆ ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟಿದ್ದಳು. ಮನೆಯೊಡತಿ "ಮಗಳಾ?" ಎಂದು ಕೇಳಿದಾಗ ಅತ್ತೆ, "ನನ್ನ ಮಗಳಾಗಿದ್ರೆ ಹೀಗೆ ಆಮೆ ಥರ ನಡೀತಿದ್ಲಾ?" ಎಂದುಬಿಟ್ಟರು.

ವಾಪಸ್ ಬರುವಾಗ ಸೊಸೆ ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತಳು.

ಲ್ಯಾಬಿನಲ್ಲಿ ಅವಳ ಜೊತೆ ಕೆಲಸ ಮಾಡುವವಳು ದಾರಿ ತೋರಿಸಿದಳು. ಮನೆ ಬಾಡಿಗೆಯಲ್ಲಿ ಭೇದಭಾವ ಮಾಡಿದರೆ ದೂರು ಕೊಡಲೆಂದೇ ಸರ್ಕಾರದ ಒಂದು ಕಚೇರಿ ಇದೆಯಂತೆ, ದಿಕ್ಕಿಲ್ಲದ ಬಾಡಿಗೆದಾರರನ್ನು ಕಾಪಾಡುವುದೇ ಅದರ ಕೆಲಸವಂತೆ. ಸೊಸೆ ರಜೆ ಹಾಕಿದಳು. ಆ ಕಚೇರಿಯ ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂದು ಅಂಟಿಸಿದ ಚೀಟಿ ಹಳದಿಯಾಗಿ ಮುದುಡಿತ್ತು. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ ಅತ್ತೆ, "ಕಾಪಾಡೋರು ಕೆಳಗಡೆ ಕೂತ್ಕೊಂಡ್ರೆ ಆಗಲ್ವಂತಾ?" ಎಂದರು.

ಕೌಂಟರಿನ ಹೆಂಗಸು ಒಳ್ಳೆಯವಳೇ. ತಾಳ್ಮೆಯಿಂದ ಎಲ್ಲ ಕೇಳಿಕೊಂಡಳು, ನಡುವೆ ಎರಡು ಸಲ ಅಯ್ಯೋ ಪಾಪ ಎಂದಳು, ಕಂಪ್ಯೂಟರಿನಲ್ಲಿ ಅರ್ಜಿ ತೆರೆದಳು. ಹೆಸರು, ವಯಸ್ಸು, ವಿಳಾಸ ಸರಾಗವಾಗಿ ಹೋದವು.

"ಇವರು ನಿಮಗೇನಾಗಬೇಕು?"

"ಸೊಸೆ," ಎಂದರು ಅತ್ತೆ.

"ವಿಚ್ಛೇದನ ಆಗಿದೆ ಅಂದ್ರಲ್ಲ. ಹಾಗಾದ್ರೆ ಸೊಸೆ ಅಂತ ಹಾಕೋಕೆ ಬರಲ್ಲ."

"ಮತ್ತೇನು ಅಂತ ಹಾಕ್ತೀರಿ?"

"ಅದನ್ನ ನೀವೇ ಹೇಳ್ಬೇಕು."

"ಹೇಳಿದ್ನಲ್ಲ, ಸೊಸೆ."

ಹೀಗೆ ಸ್ವಲ್ಪ ಹೊತ್ತು ನಡೆಯಿತು. ಹಿಂದೆ ನಿಂತವರು ಕೆಮ್ಮತೊಡಗಿದರು. ಕಡೆಗೆ ಆ ಹೆಂಗಸು ಆ ಕಾಲಂ ಖಾಲಿ ಬಿಟ್ಟು, ಮೊದಲು ಉಳಿದ ಕಾಗದಗಳನ್ನು ತನ್ನಿ ಎಂದಳು. ಬೇಕಾದದ್ದು ಎರಡು. ಬಾಡಿಗೆ ಕರಾರು ಮಗನ ಹೆಸರಿನಲ್ಲಿದ್ದುದರಿಂದ, ಮನೆಯನ್ನು ಇವರಿಗೆ ಬಿಟ್ಟುಕೊಟ್ಟಿದ್ದೇನೆ ಎಂದು ಅವನ ಒಪ್ಪಿಗೆ ಪತ್ರ. ಇನ್ನೊಂದು, ಯಾವ ಕಾರಣಕ್ಕೆ ಮನೆ ಬಿಡಿಸುತ್ತಿದ್ದಾರೆ ಎನ್ನುವುದಕ್ಕೆ ಮಾಲೀಕರದೇ ಬರಹ.

"ನನ್ನದು ತಪ್ಪು ಅಂತ ಯಾವ ಮಾಲೀಕ ಬರೆದುಕೊಡ್ತಾನೆ, ಮೇಡಂ?" ಸೊಸೆಗೆ ಅಳು ಬರುವಂತಾಗಿತ್ತು.

"ಯಾರೂ ಕೊಡಲ್ಲ," ಎಂದು ಆ ಹೆಂಗಸು ಪ್ರಾಮಾಣಿಕವಾಗಿ ಒಪ್ಪಿಕೊಂಡಳು. "ಅದಕ್ಕೇ ನಮ್ಮಲ್ಲಿ ಅರ್ಜಿಗಳು ಕಮ್ಮಿ."

ಆದರೆ ಅತ್ತೆ ಆ ಸಂಜೆಯೇ ಮೇಲಿನ ಮನೆಯ ಬಾಗಿಲು ತಟ್ಟಿದರು. ರಂಪವಾಗುವುದು ಖಂಡಿತ ಎಂದುಕೊಂಡು ಸೊಸೆ ಹಿಂದೆಯೇ ಓಡಿದಳು. ಮಾಲೀಕರು ಕೂರಿಸಿ ನೀರು ತರಿಸಿದರು.

"ನೀವು ಹೇಳಿದ್ದನ್ನ ಒಂದು ಕಾಗದದಲ್ಲಿ ಬರೆದುಕೊಡಿ," ಎಂದರು ಅತ್ತೆ.

"ಯಾರಿಗೆ ತೋರಿಸೋಕೆ?"

"ನಿಮ್ಮ ಮೇಲೆ ದೂರು ಕೊಡೋಕೆ."

ಸೊಸೆ ಕಣ್ಣು ಮುಚ್ಚಿಕೊಂಡಳು. ಮಾಲೀಕರು ಜೋರಾಗಿ ನಕ್ಕರು. "ನಿಮ್ಮ ತಮಾಷೆ ಹಾಗೇ ಇದೆ ಕಣ್ರೀ. ಅದಕ್ಕೇನು, ಬರೆದುಕೊಡ್ತೀನಿ. ನಾನು ಮುಚ್ಚುಮರೆ ಮಾಡೋನಲ್ಲ." ಕನ್ನಡಕ ಹಾಕಿಕೊಂಡು, ಗೆರೆ ಇಲ್ಲದ ಹಾಳೆಯಲ್ಲಿ ಗೆರೆ ಎಳೆದಂತೆ ನೆಟ್ಟಗೆ ಬರೆದರು: ಗಂಡು ದಿಕ್ಕಿಲ್ಲದ, ಒಬ್ಬರಿಗೊಬ್ಬರು ಏನೂ ಆಗದ ಇಬ್ಬರು ಹೆಂಗಸರಿಗೆ ಮನೆ ಕೊಡುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ, ಆದ್ದರಿಂದ ತೆರವು ಮಾಡಲು ಕೋರಿದ್ದೇನೆ. ಒಂದು ಕಡೆ ಒತ್ತಕ್ಷರ ತಪ್ಪಿತೆಂದು ಹಾಳೆ ಹರಿದು ಮತ್ತೆ ಬರೆದರು. ಸಹಿ ಹಾಕಿದರು. ಊರೆಲ್ಲ ಮೆಚ್ಚುವ ಮಾತು ಬರೆದುಕೊಟ್ಟ ಸಮಾಧಾನ ಅವರ ಮುಖದಲ್ಲಿತ್ತು.

"ಅಕ್ಷರ ಚೆನ್ನಾಗಿದೆ," ಎಂದರು ಅತ್ತೆ.

ಮಗನ ಬಳಿಗೆ ಹೋಗಲು ಮಾತ್ರ ಅವರು ಸುತರಾಂ ಒಪ್ಪಲಿಲ್ಲ. ಸೊಸೆಯೇ ಹೋದಳು. ಅವನದು ಕನ್ನಡಕದ ಅಂಗಡಿ. ಸಾಲು ಸಾಲು ಖಾಲಿ ಕನ್ನಡಕಗಳ ಎದುರು ನಿಂತು, ಒಂದು ಕಾಲಕ್ಕೆ ಗಂಡನಾಗಿದ್ದವನಿಗೆ ವಿಷಯ ವಿವರಿಸುವುದು ಅವಳಿಗೆ ಮುಳ್ಳಿನ ಮೇಲೆ ನಿಂತಂತಾಗಿತ್ತು.

ಅವನು ಯಾರದೋ ಕನ್ನಡಕದ ಗಾಜನ್ನು ಉಜ್ಜುತ್ತಲೇ ಇದ್ದ. "ನಿನಗೆ ನನ್ನ ಅಮ್ಮ ಯಾಕೆ ಬೇಕು?"

"ನಾನು ಹಿಡ್ಕೊಂಡಿಲ್ಲ. ಅವರೇ ಇದಾರೆ."

"ಬೈಕೊಂಡೇ ಇರ್ತಾರಲ್ಲ ನಿನ್ನನ್ನ?"

"ಹೂಂ. ಬೈಕೊಂಡೇ ಇದಾರೆ."

ಅವನು ಗಾಜನ್ನು ಬೆಳಕಿಗೆ ಹಿಡಿದು ನೋಡಿದ. ಸಿಟ್ಟಿಗಿಂತ ನೋವೇ ಹೆಚ್ಚಾಗಿ ಕಾಣುತ್ತಿತ್ತು. "ಅಮ್ಮ ಬಂದು ಕೇಳಲಿ, ಸಹಿ ಹಾಕ್ತೀನಿ. ನೀನು ಕೇಳಿದ್ರೆ ಹಾಕಲ್ಲ."

ಮನೆಗೆ ಬಂದು ಹೇಳಿದರೆ ಅತ್ತೆ ಸೂಜಿಗೆ ದಾರ ಪೋಣಿಸುತ್ತಾ, "ನಾನಂತೂ ಹೋಗಲ್ಲ," ಎಂದರು. ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಸೊಸೆಗೆ ಒಮ್ಮೆಲೇ ಬಾಯಿಗೆ ಬಂತು.

"ನಾನು ಹೋಗಿ ಅವರ ಮುಂದೆ ಕೈಕಟ್ಟಿ ನಿಂತು ಬಂದೆ, ಅತ್ತೆ. ನಾನು. ನಿಮಗೆ ನಿಮ್ಮ ಮಗನ ಮುಂದೆ ನಿಲ್ಲೋಕೆ ಆಗಲ್ವಾ? ಮನೆ ನೋಡೋಕೆ ಕರ್ಕೊಂಡು ಹೋದ್ರೆ ಮಾತು ಕೆಡಿಸ್ತೀರಿ, ಕಚೇರಿಗೆ ಹೋದ್ರೆ ವಾದ ಮಾಡ್ತೀರಿ. ನಿಮಗೆ ಇಲ್ಲಿರೋದು ಬೇಡ ಅಂದ್ರೆ ನೇರವಾಗಿ ಹೇಳಿಬಿಡಿ. ನಾನು ಹಾಸ್ಟೆಲಿನಲ್ಲಿ ಒಂದು ಮಂಚ ನೋಡ್ಕೋತೀನಿ."

ಅತ್ತೆ ಅವಳನ್ನು ಒಂದು ಕ್ಷಣ ನೋಡಿದರು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದರು. ಮಾರನೆಯ ದಿನ ಸೊಸೆ ಕೆಲಸದಿಂದ ಬರುವಷ್ಟರಲ್ಲಿ ಸಹಿಯಾದ ಪತ್ರ ಮೇಜಿನ ಮೇಲಿತ್ತು. ಅತ್ತೆಯ ಕಣ್ಣು ಕೆಂಪಾಗಿತ್ತು. "ಅಂಗಡೀಲಿ ವಿಪರೀತ ಧೂಳು," ಎಂದರು, ಅಷ್ಟೇ.

ಮತ್ತೆ ಕಚೇರಿ, ಮತ್ತೆ ಮೆಟ್ಟಿಲು. ಈ ಸಲ ಅಧಿಕಾರಿಯ ಕೋಣೆಗೇ ಕರೆದರು. ಮೇಜಿನ ತುಂಬ ಕಡತ ಹರಡಿಕೊಂಡು ಕೂತ ಬಡಕಲು ಮನುಷ್ಯ. ಮಾಲೀಕರ ಪತ್ರವನ್ನು ಓದಿದರು, ತಿರುಗಿಸಿ ಹಿಂಬದಿ ನೋಡಿದರು, ಮತ್ತೆ ಓದಿದರು.

"ಇದನ್ನ ಅವರೇ ಬರೆದ್ರಾ?"

"ಕೇಳಿದ್ವಿ, ಬರೆದುಕೊಟ್ರು."

"ನನ್ನ ಸರ್ವಿಸ್‌ನಲ್ಲೇ ಇಂಥದ್ದು ನೋಡಿಲ್ಲ," ಎಂದರು ಅಧಿಕಾರಿ, ಹೆಚ್ಚುಕಮ್ಮಿ ಭಕ್ತಿಯಿಂದ. ಮಗನ ಪತ್ರವೂ ಸರಿಯಾಗಿತ್ತು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಕೌಂಟರಿನ ಹೆಂಗಸು ಒಳಗೆ ಬಂದು, ಸಂಬಂಧದ ಕಾಲಂ ತುಂಬದೆ ಅರ್ಜಿ ಮುಂದಕ್ಕೆ ಹೋಗುತ್ತಿಲ್ಲ ಎಂದಳು. ಗಂಡ ಹೆಂಡತಿ, ಮಕ್ಕಳು, ತಂದೆ ತಾಯಿ, ಒಡಹುಟ್ಟಿದವರು, ಅತ್ತೆ ಸೊಸೆ, ಎಲ್ಲ ಇದ್ದವು. ಅತ್ತೆ ಸೊಸೆ ಎಂದು ಒತ್ತಿದರೆ ಮದುವೆ ಪತ್ರ ಕೇಳುತ್ತಿತ್ತು. 'ಇತರೆ' ಎಂದು ಒತ್ತಿದರೆ ಕುಟುಂಬದ ಪ್ರಮಾಣಪತ್ರ ಕೇಳುತ್ತಿತ್ತು. ಆ ಪ್ರಮಾಣಪತ್ರ ಕೊಡುವುದು ಬೇರೆ ಕಚೇರಿ. ಅಲ್ಲಿಗೆ ಹೋದರೆ, ತಕರಾರಿನಲ್ಲಿರುವ ವಿಳಾಸಕ್ಕೆ ಕೊಡುವುದಿಲ್ಲ, ತಕರಾರು ಮುಗಿದಿದೆ ಎಂದು ಈ ಕಚೇರಿಯಿಂದ ಪತ್ರ ತನ್ನಿ ಎನ್ನುತ್ತಾರೆ.

"ಅಂದ್ರೆ ನೀವು ಕಾಪಾಡಿದ ಮೇಲೆ ಅವರು ಕೊಡ್ತಾರೆ, ಅವರು ಕೊಟ್ಟ ಮೇಲೆ ನೀವು ಕಾಪಾಡ್ತೀರಿ," ಎಂದಳು ಸೊಸೆ. ಅವಳ ದನಿ ತಣ್ಣಗಿತ್ತು. ರೇಗುವ ಶಕ್ತಿಯೂ ಉಳಿದಿರಲಿಲ್ಲ.

ಅಧಿಕಾರಿ ಹಣೆ ಉಜ್ಜಿಕೊಂಡರು. ಆಮೇಲೆ ಒಂದು ಉಪಾಯ ಹೊಳೆಯಿತು. ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಿ, ಒಂಟಿ ಬಾಡಿಗೆದಾರರೆಂದು. ಒಂಟಿಯಾಗಿದ್ದರೆ ಸಂಬಂಧದ ಪ್ರಶ್ನೆಯೇ ಬರುವುದಿಲ್ಲ. ಒಂದೇ ಮನೆಯಲ್ಲಿರುವುದರಿಂದ, ನಮಗೆ ಪರಸ್ಪರ ಯಾವ ಸಂಬಂಧವೂ ಇಲ್ಲ ಎಂಬ ಹೇಳಿಕೆಗೆ ಸಹಿ ಹಾಕಿದರೆ ಸಾಕು, ಇವತ್ತೇ ಆದೇಶ.

ಸೊಸೆಗೆ ಹೋದ ಜೀವ ಬಂದಂತಾಯಿತು. ಪೆನ್ನು ತೆಗೆದು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಕಾಗದವನ್ನು ದೂರ ಹಿಡಿದು ನಿಧಾನವಾಗಿ ಓದಿದರು. ಪೆನ್ನನ್ನು ಮೇಜಿನ ಮೇಲಿಟ್ಟರು.

"ಇದಕ್ಕೆ ನಾನು ಸಹಿ ಹಾಕಲ್ಲ."

"ಅತ್ತೆ, ದಮ್ಮಯ್ಯ. ಬರೀ ಒಂದು ಕಾಗದ ಅದು."

"ನನ್ನ ಮಗ ಕೋರ್ಟಿನಲ್ಲಿ ಸಹಿ ಹಾಕಿದ್ದೂ ಬರೀ ಕಾಗದಕ್ಕೇ. ಅವನು ಹಾಕಿದ. ನಾನು ಹಾಕಲ್ಲ." ಅವರು ಅಧಿಕಾರಿಯ ಕಡೆ ತಿರುಗಿದರು. "ಇವಳು ಮನೆಗೆ ಬಂದಾಗ ಸ್ಟವ್ ಹಚ್ಚೋಕೂ ಬರ್ತಿರಲಿಲ್ಲ. ನನ್ನ ಕಾಲು ಮುರಿದಾಗ ಎತ್ತಿ ಕೂರಿಸಿದೋಳು ಇವಳು, ಇವಳಿಗೆ ಜ್ವರ ಬಂದ್ರೆ ರಾತ್ರಿಯಿಡೀ ಬೈಕೊಂಡು ಕೂತಿದ್ದೋಳು ನಾನು. ಸಂಬಂಧ ಇಲ್ಲ ಅಂತ ಬರೆದು ಮನೆ ಉಳಿಸ್ಕೊಂಡ್ರೆ, ಆ ಮನೇಲಿ ಯಾರ ಜೊತೆ ಅಂತ ಇರ್ಲಿ ನಾನು?"

ಸೊಸೆ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಳು. ಆ ಕ್ಷಣಕ್ಕೂ ಅವಳಿಗೆ ರೇಗಿಯೇ ಇತ್ತು. ಕೈಗೆ ಬಂದದ್ದನ್ನು ಹಾಳು ಮಾಡಿದರಲ್ಲ ಎಂದು. ಆದರೆ ಆ ಸಿಟ್ಟಿನ ನಡುವೆಯೇ ಕಣ್ಣು ತುಂಬಿ, ಕಿಟಕಿಯಾಚೆ ಏನೂ ಕಾಣದಂತಾಯಿತು.

ದಾರಿ ಹುಡುಕಿದ್ದು ಕೌಂಟರಿನ ಹೆಂಗಸು. ಮಗನ ಪತ್ರವಿದೆಯಲ್ಲ, ಕರಾರನ್ನು ಸೊಸೆ ಒಬ್ಬಳದೇ ಹೆಸರಿಗೆ ಮಾಡೋಣ, ರಕ್ಷಣೆ ಅವಳಿಗೆ ಸಿಗುತ್ತದೆ. ಹಿರಿಯರು ಅತಿಥಿಯಾಗಿ ಇರಲಿ. ಬಾಡಿಗೆದಾರರ ಮನೆಗೆ ಅತಿಥಿ ಬರಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ತಿಂಗಳು ಮೀರಿ ಉಳಿದರೆ ಪ್ರತಿ ತಿಂಗಳೂ ಒಂದು ಘೋಷಣೆ ಕೊಡಬೇಕು, ಅಷ್ಟೇ. ಅದು ಇನ್ನೂ ಹಳೆಯ ಅಚ್ಚಿನ ಕಾಗದ, ಕಂಪ್ಯೂಟರಿಗೆ ಹತ್ತಿಲ್ಲ. ಅತಿಥಿ ಏನಾಗಬೇಕು ಎಂಬಲ್ಲಿ ಬರೀ ಚುಕ್ಕಿ ಗೆರೆ ಇದೆ, ಏನು ಬೇಕಾದರೂ ಬರೆಯಬಹುದು.

ಸೊಸೆ 'ಅತ್ತೆ' ಎಂದು ಬರೆದಳು. ಆ ಹೆಂಗಸು ಓದದೆಯೇ ಮೊಹರು ಒತ್ತಿದಳು.

ಆದೇಶ ಕೈಸೇರಿದ ದಿನ ಮಾಲೀಕರು ಅದನ್ನು ಹಿಡಿದುಕೊಂಡೇ ಕೆಳಗೆ ಬಂದರು. ಮುಖ ಬಾಡಿತ್ತು. "ನಾನು ಬರೆದುಕೊಟ್ಟಿದ್ದನ್ನೇ ನನ್ನ ಮೇಲೆ ಹಾಕಿದೀರಲ್ಲ?"

"ದೂರು ಕೊಡೋಕೆ ಅಂತ ಹೇಳಿಯೇ ಇಸ್ಕೊಂಡಿದ್ನಲ್ಲ," ಎಂದರು ಅತ್ತೆ.

"ತಮಾಷೆ ಅಂದ್ಕೊಂಡೆ," ಎಂದು ಅವರು ಹೊರಟುಹೋದರು. ಅವತ್ತಿನಿಂದ ಮೆಟ್ಟಿಲ ಬಳಿ ಎದುರಾದರೆ ಗೋಡೆ ನೋಡಿಕೊಂಡು ನಡೆಯುತ್ತಾರೆ.

ಸೊಸೆ ಈಗಲೂ ತಿಂಗಳಿಗೊಮ್ಮೆ ಅರ್ಧ ದಿನ ರಜೆ ಹಾಕಿ, ಆ ಮೆಟ್ಟಿಲು ಹತ್ತಿ, ಸಾಲಿನಲ್ಲಿ ನಿಂತು, ಅದೇ ಘೋಷಣೆಯನ್ನು ಹೊಸದಾಗಿ ಬರೆದುಕೊಟ್ಟು ಬರುತ್ತಾಳೆ. ಒಂದು ಸಲ ಫೋಟೊಗೆ ಹಚ್ಚಿದ ಗೋಂದು ಸಾಲದೆಂದು ವಾಪಸ್ ಕಳಿಸಿದರು, ಇನ್ನೊಂದು ಸಲ ಶಾಯಿ ನೀಲಿಯಾಯಿತೆಂದು. ಮೊನ್ನೆ ಹಾಗೆ ಬಸವಳಿದು ಮನೆಗೆ ಬಂದರೆ ಅತ್ತೆ ಕಾಲು ಚಾಚಿ ಕೂತಿದ್ದರು. ತೊಟ್ಟಿಯ ತುಂಬ ಪಾತ್ರೆ.

"ಇದೇನತ್ತೆ, ಬೆಳಗಿನದೆಲ್ಲ ಹಾಗೇ ಬಿದ್ದಿದೆ?"

"ಸರ್ಕಾರವೇ ನನ್ನನ್ನ ಅತಿಥಿ ಅಂದಿದೆ," ಎಂದರು ಅತ್ತೆ. "ಅತಿಥಿ ಕೈಲಿ ಪಾತ್ರೆ ತೊಳೆಸ್ತಾರಾ ಯಾರಾದ್ರೂ?"

ಸೊಸೆ ಸೆರಗು ಸಿಕ್ಕಿಸಿಕೊಂಡು ನಲ್ಲಿ ತಿರುಗಿಸಿದಳು. ಬಾಣಲೆಯ ತಳ ಸರಿಯಾಗಿ ಉಜ್ಜು, ಜಿಡ್ಡು ಹಾಗೇ ಬಿಡ್ತೀಯ ಎಂದು ಹಿಂದಿನಿಂದ ಅತಿಥಿಯ ದನಿ ಬಂತು.